ಹೊಣೆಯ ಕೆಲಸ ಮತ್ತು ಅಮಲಿನ ಪರೀಕ್ಷೆ

ಒಬ್ಬರ ಕೈತಪ್ಪಿನಿಂದ ಹಲವರ ಪ್ರಾಣಕ್ಕೆ ಕುತ್ತು ಬರಬಹುದಾದ ಉದ್ಯೋಗಗಳಲ್ಲಿ, ಕೆಲಸಕ್ಕೆ ಹಾಜರಾಗುವವರು ಮದ್ಯದ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿಲ್ಲ ಎಂಬುದನ್ನು ಉಸಿರು, ಮೂತ್ರ, ಜೊಲ್ಲು ಇಲ್ಲವೇ ರಕ್ತದ ಮಾದರಿಯಿಂದ ಖಚಿತಪಡಿಸಿಕೊಳ್ಳುವ ಪದ್ಧತಿ ಕಳೆದ ನಾಲ್ಕು ದಶಕಗಳಲ್ಲಿ ಹಲವು ದೇಶಗಳಲ್ಲಿ ಕಾನೂನಿನ ರೂಪ ಪಡೆದಿದೆ. ಈ ಪದ್ಧತಿಯ ಅತ್ಯಂತ ಬಿಗಿಯಾದ ರೂಪ ಕಾಣುವುದು ಪರಮಾಣು ವಿದ್ಯುತ್ ಸ್ಥಾವರಗಳಲ್ಲಿ. ಕಲಬುರಗಿಯಲ್ಲಾಗಲಿ ಅದೇ ಜಿಲ್ಲೆಯ ಕಮಲಾಪುರದಲ್ಲಾಗಲಿ ಅಂಥ ಸ್ಥಾವರವಿಲ್ಲ. ಆದರೂ ಈ ವಿಷಯ ಈ ನೆಲಕ್ಕೆ ದೂರದ್ದಲ್ಲ. ಹಿಂದೆ ಕಲಬುರಗಿ ಜಿಲ್ಲೆಗೆ ಸೇರಿದ್ದು ಈಗ ಯಾದಗಿರಿ ಜಿಲ್ಲೆಯಲ್ಲಿರುವ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿದೆ. ಕೈಗಾ ಅಣುಸ್ಥಾವರದ ವಿದ್ಯುತ್ತು ಸೇರುವ ಜಾಲದಿಂದಲೇ ಕಲಬುರಗಿಯ ಮನೆಗಳಿಗೂ ಬೆಳಕು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಣುಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಕೇಳುವ ಪ್ರಶ್ನೆಯನ್ನೇ ಕಮಲಾಪುರದ ಮೂಲಕ ಹುಮನಾಬಾದಿಗೆ ಬಸ್ಸು ಓಡಿಸುವ ಚಾಲಕರಿಗೂ, ಬೀದರ್–ಕಲಬುರಗಿ ಮಾರ್ಗದಲ್ಲಿ ರೈಲು ನಡೆಸುವವರಿಗೂ, ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗಳಿಗೂ ಕೇಳಬೇಕಾಗುತ್ತದೆ. ಈ ಹೊತ್ತಿನಲ್ಲಿ ಈ ಮೈ, ಈ ಮನಸ್ಸು ಈ ಹೊಣೆಗೆ ತಕ್ಕ ಸ್ಥಿತಿಯಲ್ಲಿದೆಯೇ ಎಂಬುದೇ ಆ ಪ್ರಶ್ನೆ.

ಕರ್ನಾಟಕದ ಏಕೈಕ ಪರಮಾಣು ವಿದ್ಯುತ್ ಕೇಂದ್ರ ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯ ಮೇಲಿರುವ ಕೈಗಾ. ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿರುವ ಈ ಕೇಂದ್ರದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು, ಆ ಹೊತ್ತಿನ ವಿಶ್ವದಾಖಲೆ ಸ್ಥಾಪಿಸಿತು. ಯಂತ್ರ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ನಿಲ್ಲದೆ ನಡೆದಿದೆ ಎಂದರೆ, ಅದನ್ನು ಕಾಯುವ ಜನ ಹಗಲು ರಾತ್ರಿಯ ಪಾಳಿಗಳಲ್ಲಿ, ಹಬ್ಬ ಹರಿದಿನ, ಮನೆಯ ಮದುವೆ, ಸಾವುನೋವುಗಳ ನಡುವೆಯೂ ಒಬ್ಬರ ನಂತರ ಒಬ್ಬರಂತೆ ಎಚ್ಚರವಾಗಿದ್ದರು ಎಂದೇ ಅರ್ಥ. ಇಂಥ ಸ್ಥಾವರಗಳಲ್ಲಿ ಸುರಕ್ಷತೆಯನ್ನು ಪದರ ಪದರವಾಗಿ ಕಟ್ಟಿರುತ್ತಾರೆ. ಒಂದು ವ್ಯವಸ್ಥೆ ಸೋತರೆ ಮತ್ತೊಂದು ತಾನಾಗಿಯೇ ರಿಯಾಕ್ಟರನ್ನು ನಿಲ್ಲಿಸುವಂತೆ, ಒಂದನ್ನೊಂದು ಅವಲಂಬಿಸದ ಎರಡು ಸ್ಥಗಿತ ವ್ಯವಸ್ಥೆಗಳನ್ನು ಇಟ್ಟಿರುತ್ತಾರೆ. ಹೀಗಿರುವಾಗ ಮನುಷ್ಯರ ಅಮಲಿನ ಬಗ್ಗೆ ಅಷ್ಟೊಂದು ಚಿಂತೆ ಏಕೆ ಎಂಬ ಸಂದೇಹ ಸಹಜ. ಆ ಪದರಗಳನ್ನು ಪರೀಕ್ಷಿಸುವವರು, ದುರಸ್ತಿ ಮಾಡುವವರು, ವಾಲ್ವು ತೆರೆದು ಮುಚ್ಚುವವರು, ತಪ್ಪು ಸೂಚನೆಯನ್ನೂ ಸರಿಯಾದ ಸೂಚನೆಯನ್ನೂ ಬೇರ್ಪಡಿಸಿ ನೋಡುವವರು ಮನುಷ್ಯರೇ ಆಗಿರುವುದರಿಂದ, ಒಬ್ಬರ ಮಂಕುತನ ಹಲವು ಪದರಗಳಲ್ಲಿ ಏಕಕಾಲಕ್ಕೆ ತೂತು ಕೊರೆಯಬಲ್ಲದು ಎಂಬುದೇ ಅದಕ್ಕೆ ಉತ್ತರ.

ಮೂತ್ರದ ಮಾದರಿ ಕೈಗಾದ ನೌಕರರಿಗೆ ಹೊಸದೇನಲ್ಲ. ಅಲ್ಲಿನ ರಿಯಾಕ್ಟರುಗಳು ಭಾರಜಲ, ಅಂದರೆ ಹೈಡ್ರೋಜನ್ನಿನ ಭಾರವಾದ ರೂಪವಾದ ಡ್ಯುಟೀರಿಯಂ ಇರುವ ನೀರನ್ನು ಬಳಸುತ್ತವೆ. ಆ ನೀರಿನಲ್ಲಿ ಕ್ರಮೇಣ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಅದು ದೇಹ ಸೇರಿದರೆ ನೀರಿನಂತೆಯೇ ಮೈಯೆಲ್ಲ ಹರಡಿ, ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಸುಮಾರು ಹತ್ತು ದಿನಗಳಿಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಈ ಕಾರಣಕ್ಕಾಗಿ ನೌಕರರ ಮೂತ್ರವನ್ನು ನಿಯತವಾಗಿ ತಪಾಸಣೆ ಮಾಡುವ ಕ್ರಮವಿದೆ. 2009ರ ನವೆಂಬರ್‌ನಲ್ಲಿ ಇದೇ ತಪಾಸಣೆಯಲ್ಲಿ ಐವತ್ತಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ಟ್ರಿಟಿಯಂ ಹೆಚ್ಚಿರುವುದು ಬಯಲಾಯಿತು. ಬೆನ್ನಟ್ಟಿ ನೋಡಿದಾಗ, ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಸೇರಿಸಿದ್ದು ತಿಳಿಯಿತು. ಇದು ಒಳಗಿನವರದೇ ಕಿಡಿಗೇಡಿತನ ಎಂದು ಪರಮಾಣು ಶಕ್ತಿ ಇಲಾಖೆ ಶಂಕಿಸಿತು. ಆ ಪ್ರಕರಣಕ್ಕೂ ಮದ್ಯಕ್ಕೂ ಸಂಬಂಧವಿಲ್ಲ. ಆದರೆ ಅದು ಎರಡು ಮಾತುಗಳನ್ನು ಒಟ್ಟಿಗೆ ಸ್ಪಷ್ಟಪಡಿಸಿತು: ಸ್ಥಾವರದ ಬೇಲಿಯೊಳಗಿನ ಮನುಷ್ಯರ ಮನಃಸ್ಥಿತಿಯೂ ಸುರಕ್ಷತೆಯ ಒಂದು ಅಂಗ; ಮತ್ತು ಯಾರ ಮೇಲೂ ಅನುಮಾನವಿಟ್ಟುಕೊಳ್ಳದೆ ಎಲ್ಲರಿಗೂ ಸಮನಾಗಿ ನಡೆಯುವ ತಪಾಸಣೆಯು ಯಾರೂ ಊಹಿಸದ ಅಪಾಯವನ್ನು ಹೊರಗೆಳೆಯಬಲ್ಲದು.

ಅಮಲಿನ ಪರೀಕ್ಷೆ ಕಾನೂನಾಗಿ ಬೆಳೆದ ಕಥೆ ಅಮೆರಿಕದ್ದು. 1987ರ ಜನವರಿ 4ರಂದು ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ ಸರಕು ರೈಲಿನ ಎಂಜಿನ್ನುಗಳು ಸಿಗ್ನಲ್ ದಾಟಿ ಪ್ರಯಾಣಿಕರ ರೈಲಿಗೆ ಅಡ್ಡ ಬಂದು 16 ಮಂದಿ ಸತ್ತರು; ಎಂಜಿನ್ ಚಾಲಕನ ದೇಹದಲ್ಲಿ ಗಾಂಜಾದ ಅಂಶ ಸಿಕ್ಕಿತು. ಅದೇ ವರ್ಷದ ಮಾರ್ಚ್ 31ರಂದು ಪೆನ್ಸಿಲ್ವೇನಿಯಾದ ಪೀಚ್ ಬಾಟಮ್ ಅಣುಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ನೌಕರರು ನಿದ್ದೆ ಮಾಡುತ್ತಿದ್ದರೆಂಬ ಕಾರಣಕ್ಕೆ ಅಲ್ಲಿನ ಪರಮಾಣು ನಿಯಂತ್ರಣ ಆಯೋಗ ಆ ಸ್ಥಾವರವನ್ನೇ ನಿಲ್ಲಿಸುವಂತೆ ಆಜ್ಞೆ ಮಾಡಿತು. ಮೊದಲನೆಯದರಲ್ಲಿ ಮಾದಕ ವಸ್ತುವಿತ್ತು, ಎರಡನೆಯದರಲ್ಲಿದ್ದದ್ದು ನಿದ್ದೆ ಮಾತ್ರ. ಆಯೋಗವು 1989ರಲ್ಲಿ ರೂಪಿಸಿ 1990ರ ಆರಂಭದಿಂದ ಜಾರಿಗೆ ತಂದ ‘ಕರ್ತವ್ಯಯೋಗ್ಯತೆ’ಯ ನಿಯಮದಲ್ಲಿ ಪರೀಕ್ಷೆಗೆ ಹಲವು ಸಂದರ್ಭಗಳಿವೆ: ಸ್ಥಾವರದೊಳಗೆ ಪ್ರವೇಶ ಕೊಡುವ ಮುನ್ನ, ಮುನ್ಸೂಚನೆಯಿಲ್ಲದೆ ಚೀಟಿ ಎತ್ತಿದಂತೆ ಆಯ್ಕೆಯಾದಾಗ, ವರ್ತನೆಯಿಂದ ಅನುಮಾನ ಬಂದಾಗ, ಅವಘಡ ನಡೆದಾಗ, ಮತ್ತು ಚಿಕಿತ್ಸೆ ಮುಗಿಸಿ ಮರಳಿದವರ ಮೇಲೆ ನಿಗಾ ಇಡುವಾಗ. ಮೊದಲು ವರ್ಷಕ್ಕೆ ಒಟ್ಟು ನೌಕರರ ಸಂಖ್ಯೆಯಷ್ಟೇ ಇದ್ದ ಆಕಸ್ಮಿಕ ಪರೀಕ್ಷೆಗಳ ಪ್ರಮಾಣವನ್ನು 1994ರಲ್ಲಿ ಅದರ ಅರ್ಧಕ್ಕೆ ಇಳಿಸಲಾಯಿತು. ಪಾಳಿಗೆ ಐದು ಗಂಟೆ ಮುಂಚಿನಿಂದ ಮದ್ಯ ಮುಟ್ಟುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಕನಿಷ್ಠ 14 ದಿನ, ಎರಡನೆಯ ಸಲಕ್ಕೆ ಐದು ವರ್ಷ ಒಳಗೆ ಪ್ರವೇಶವಿಲ್ಲ. ಮಾದರಿಯನ್ನು ಬದಲಾಯಿಸಿ ವಂಚಿಸಲು ಯತ್ನಿಸಿದರೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ.

ಪರೀಕ್ಷೆಯ ಕ್ರಮವನ್ನು ತಿಳಿಯದೆ ಅದರ ಬಲವೂ ಮಿತಿಯೂ ಅರ್ಥವಾಗುವುದಿಲ್ಲ. ಕುಡಿದ ಮದ್ಯ ರಕ್ತಕ್ಕಿಳಿದು, ಶ್ವಾಸಕೋಶದಲ್ಲಿ ರಕ್ತದಿಂದ ಉಸಿರಿಗೆ ಒಂದು ನಿಶ್ಚಿತ ಪ್ರಮಾಣದಲ್ಲಿ ದಾಟುತ್ತದೆ. ಸುಮಾರು 2100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಮದ್ಯ ಒಂದು ಮಿಲಿಲೀಟರ್ ರಕ್ತದಲ್ಲಿರುತ್ತದೆ ಎಂಬ ಲೆಕ್ಕದ ಮೇಲೆ ಉಸಿರು ಪರೀಕ್ಷಾ ಯಂತ್ರ ಕೆಲಸ ಮಾಡುತ್ತದೆ. ಯಂತ್ರದೊಳಗಿನ ಪ್ಲಾಟಿನಂ ಪದರದ ಮೇಲೆ ಮದ್ಯದ ಆವಿ ಉತ್ಕರ್ಷಣಗೊಂಡಾಗ ಹುಟ್ಟುವ ಸಣ್ಣ ವಿದ್ಯುತ್ ಪ್ರವಾಹವೇ ಅಂಕಿಯಾಗಿ ಕಾಣುತ್ತದೆ. ಬಾಯಿ ಮುಕ್ಕಳಿಸುವ ಔಷಧ, ಕೆಮ್ಮಿನ ಸಿರಪ್ಪುಗಳಲ್ಲಿರುವ ಮದ್ಯಸಾರ ಬಾಯಲ್ಲೇ ಉಳಿದು ಸುಳ್ಳು ಅಂಕಿ ತೋರಿಸಬಹುದಾದ್ದರಿಂದ, ಹದಿನೈದು ನಿಮಿಷ ಏನನ್ನೂ ಬಾಯಿಗೆ ಹಾಕದಂತೆ ಕೂರಿಸಿ ಮತ್ತೊಮ್ಮೆ ಊದಿಸಬೇಕು. ದೇಹವು ಮದ್ಯವನ್ನು ಕರಗಿಸುವ ವೇಗ ಗಂಟೆಗೆ ನೂರು ಮಿಲಿಲೀಟರ್ ರಕ್ತಕ್ಕೆ ಹೆಚ್ಚುಕಡಿಮೆ 15 ಮಿಲಿಗ್ರಾಂ. ರಾತ್ರಿ ಹನ್ನೊಂದಕ್ಕೆ 120 ಮಿಲಿಗ್ರಾಂ ಮಟ್ಟದಲ್ಲಿ ಮಲಗಿದವರ ರಕ್ತದಲ್ಲಿ ಬೆಳಗಿನ ಐದಕ್ಕೆ ಇನ್ನೂ 30 ಮಿಲಿಗ್ರಾಂ ಉಳಿದಿರುತ್ತದೆ. ನಿದ್ದೆಯಾಗಲಿ, ತಣ್ಣೀರ ಸ್ನಾನವಾಗಲಿ, ಖಡಕ್ ಚಹಾವಾಗಲಿ ಈ ವೇಗವನ್ನು ಹೆಚ್ಚಿಸಲಾರವು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿಯೂ ಅದೇ 30 ಮಿಲಿಗ್ರಾಂ ಆಗಿರುವುದರಿಂದ, ನಸುಕಿನ ಮೊದಲ ಬಸ್ಸಿನ ಚಾಲಕರಿಗೆ ಹಿಂದಿನ ರಾತ್ರಿಯ ಕುಡಿತವೂ ಕೆಲಸದ ಹೊತ್ತಿನ ಕುಡಿತವೇ ಆಗಬಹುದು.

ಮಾದಕ ವಸ್ತುಗಳ ಪರೀಕ್ಷೆ ಎರಡು ಹಂತದ್ದು. ಮೊದಲನೆಯದು ಪ್ರತಿಕಾಯಗಳ ನೆರವಿನಿಂದ ಬೇಗ ಮುಗಿಯುವ ಜಾಲಾಟ. ಅದು ಒಂದು ಬಗೆಯ ರಾಸಾಯನಿಕಗಳ ಕುಟುಂಬವನ್ನಷ್ಟೇ ಗುರುತಿಸುತ್ತದೆ. ಎರಡನೆಯದು, ಮಾದರಿಯಲ್ಲಿರುವ ಅಣುಗಳನ್ನು ಬೇರ್ಪಡಿಸಿ, ತೂಗಿ, ಇದೇ ವಸ್ತು ಎಂದು ಹೆಸರಿಸುವ ಗ್ಯಾಸ್ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ. ಮಾದರಿಯನ್ನು ಎರಡು ಸೀಸೆಗಳಲ್ಲಿ ಹಂಚಿ ಮೊಹರು ಮಾಡಿ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯನ್ನು ಕಡಿಯದಂತೆ ಇಡಬೇಕು. ಫಲಿತಾಂಶವನ್ನು ನೌಕರರು ಪ್ರಶ್ನಿಸಿದರೆ ಎರಡನೆಯ ಸೀಸೆ ಸಾಕ್ಷಿಗೆ ಬರುತ್ತದೆ. ಇಷ್ಟಾದರೂ ಅಂಕಿಯೇ ತೀರ್ಪಲ್ಲ. ಅಮೆರಿಕದ ನಿಯಮವು ವೈದ್ಯಕೀಯ ಪರಿಶೀಲನಾಧಿಕಾರಿ ಎಂಬ ತರಬೇತಾದ ವೈದ್ಯರನ್ನು ಪ್ರಯೋಗಾಲಯಕ್ಕೂ ಆಡಳಿತಕ್ಕೂ ನಡುವೆ ನಿಲ್ಲಿಸಿ, ಅವರು ನೌಕರರ ಮಾತು ಕೇಳಿದ ಬಳಿಕವೇ ಫಲಿತಾಂಶ ಹೊರಬೀಳಬೇಕೆಂದು ವಿಧಿಸುತ್ತದೆ.

ಆ ವೈದ್ಯರು ಏಕೆ ಬೇಕು ಎಂಬುದಕ್ಕೆ ಕನ್ನಡದ ಅಡುಗೆಮನೆಯಲ್ಲೇ ಉದಾಹರಣೆಯಿದೆ. ಹಬ್ಬದ ದಿನ ಗಸಗಸೆ ಪಾಯಸ ಉಂಡವರ ಮೂತ್ರದಲ್ಲಿ ಮಾರ್ಫೀನ್ ಕಾಣಿಸಬಹುದು, ಏಕೆಂದರೆ ಗಸಗಸೆ ಅಫೀಮಿನ ಗಿಡದ್ದೇ ಬೀಜ. ಅಮೆರಿಕದಲ್ಲಿ ಗಸಗಸೆ ಹಾಕಿದ ಬ್ರೆಡ್ಡು ತಿಂದವರೂ ಹೀಗೆ ಸಿಕ್ಕಿಬೀಳುತ್ತಿದ್ದುದರಿಂದಲೇ 1998ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಅಫೀಮಿನ ಅಂಶಗಳ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. ವೈದ್ಯರು ಬರೆದುಕೊಟ್ಟ ಕೊಡೀನ್ ಸಿರಪ್ಪೂ ದೇಹದಲ್ಲಿ ಮಾರ್ಫೀನಾಗಿ ಬದಲಾಗುತ್ತದೆ. ಗಾಂಜಾದ ಸಂಗತಿ ಇನ್ನೊಂದು ಬಗೆಯದು: ಅದರ ಅಮಲು ಕೆಲವು ಗಂಟೆಗಳಲ್ಲಿ ಇಳಿದರೂ ಅದರ ಅವಶೇಷ ಕೊಬ್ಬಿನಲ್ಲಿ ಉಳಿದು, ನಿತ್ಯ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಕಾಣುತ್ತದೆ. ಭಾರತದ 1985ರ ಮಾದಕ ವಸ್ತು ಕಾಯ್ದೆ ಹೂವಿನ ತುದಿಯನ್ನು ಗಾಂಜಾ ಎಂದು ನಿಷೇಧಿಸಿ, ಬರೀ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ; ಆದರೆ ಎಲೆಯಿಂದ ಮಾಡಿದ ಭಂಗಿ ಕುಡಿದವರ ಮೂತ್ರವೂ ಗಾಂಜಾ ಸೇದಿದವರ ಮೂತ್ರವೂ ಯಂತ್ರಕ್ಕೆ ಒಂದೇ. ಹಾಗಾಗಿ ಮೂತ್ರ ಪರೀಕ್ಷೆ ‘ಇವರು ಎಂದೋ ಸೇವಿಸಿದ್ದಾರೆ’ ಎಂದು ಹೇಳಬಲ್ಲದೇ ಹೊರತು ‘ಇವರು ಈಗ ಅಮಲಿನಲ್ಲಿದ್ದಾರೆ’ ಎಂದು ಹೇಳಲಾರದು.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ: ಪರೀಕ್ಷೆ ತನ್ನನ್ನು ಕೇಳಿದ್ದಕ್ಕಷ್ಟೇ ಉತ್ತರಿಸುತ್ತದೆ, ಪಟ್ಟಿಯಲ್ಲಿಲ್ಲದ ವಸ್ತು ಎಷ್ಟೇ ಇದ್ದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಅಣುಸ್ಥಾವರಗಳ ಮೂಲ ಪಟ್ಟಿಯಲ್ಲಿದ್ದವು ಗಾಂಜಾ, ಕೊಕೇನ್, ಅಫೀಮಿನ ಅಂಶಗಳು, ಆಂಫೆಟಮಿನ್ ಮತ್ತು ಫೆನ್ಸೈಕ್ಲಿಡಿನ್. ಇದು ಆ ದೇಶದ ಬೀದಿಗಳನ್ನು ನೋಡಿ ಬರೆದ ಪಟ್ಟಿ. ಅಲ್ಲಿ ನೋವುನಿವಾರಕ ಮಾತ್ರೆಗಳ ದುರ್ಬಳಕೆ ಹೆಚ್ಚಿದ ಮೇಲೆ 2022ರಲ್ಲಿ ಆಕ್ಸಿಕೊಡೋನ್, ಹೈಡ್ರೊಕೊಡೋನ್ ಮುಂತಾದವನ್ನು ಸೇರಿಸಿದರು. ಆ ಪಟ್ಟಿಯನ್ನು ಹಾಗೆಯೇ ಎತ್ತಿ ಕಲಬುರಗಿಗೆ ತಂದರೆ, ಈ ಭಾಗದ ಅತ್ಯಂತ ಪರಿಚಿತ ಅಮಲೊಂದು ಅದರಲ್ಲಿ ಇರುವುದೇ ಇಲ್ಲ. ಅದು ಸಿ.ಎಚ್. ಪೌಡರ್ ಎಂದು ಎಲ್ಲರೂ ಕರೆಯುವ ಕ್ಲೋರಲ್ ಹೈಡ್ರೇಟ್. ಈಚಲು ಮರದ ಸೇಂದಿಯ ರೂಢಿ ಹೈದರಾಬಾದ್ ಸಂಸ್ಥಾನದ ಕಾಲದಿಂದಲೂ ಇಲ್ಲಿ ಬೇರೂರಿತ್ತು. ಮಾರಾಟಕ್ಕೆ ನಿರ್ಬಂಧ ಬಂದು, ಬೇಡಿಕೆ ಉಳಿದು, ಮರದ ರಸ ಸಾಲದಾದಾಗ, ನೀರಿಗೆ ಸಕ್ಕರೆ, ಬಣ್ಣ ಮತ್ತು ಈ ಪುಡಿ ಬೆರೆಸಿ ಸೇಂದಿಯೆಂದು ಮಾರುವ ದಂಧೆ ಹುಟ್ಟಿತು. ಅಬಕಾರಿ ದಾಳಿಗಳ ಸುದ್ದಿಯಲ್ಲಿ ಇದರ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ.

ಕ್ಲೋರಲ್ ಹೈಡ್ರೇಟ್ 1869ರಿಂದ ವೈದ್ಯರು ನಿದ್ದೆಗೆಂದು ಕೊಡುತ್ತಿದ್ದ ಹಳೆಯ ಔಷಧ. ದೇಹ ಸೇರಿದ ಕೆಲ ನಿಮಿಷಗಳಲ್ಲೇ ಅದು ಟ್ರೈಕ್ಲೋರೋಎಥನಾಲ್ ಆಗಿ ಮಾರ್ಪಟ್ಟು ಮಿದುಳನ್ನು ಮಂಕುಗೊಳಿಸುತ್ತದೆ. ಮದ್ಯದ ಜೊತೆ ಸೇರಿದರೆ ಎರಡರ ಪರಿಣಾಮಗಳೂ ಒಂದನ್ನೊಂದು ಹೆಚ್ಚಿಸುತ್ತವೆ. ಉಸಿರು ಯಂತ್ರವು ಅಳೆಯುವುದು ಕುಡಿಯುವ ಮದ್ಯವನ್ನೇ ಹೊರತು ಈ ಪುಡಿಯನ್ನಲ್ಲವಾದ್ದರಿಂದ, ಕಲಬೆರಕೆ ಸೇಂದಿ ಕುಡಿದವರು ಯಂತ್ರದಲ್ಲಿ ಮಿತಿಯೊಳಗಿದ್ದೂ ಸ್ಟೇರಿಂಗ್ ಹಿಡಿಯಲಾರದಷ್ಟು ಮಂಪರಿನಲ್ಲಿರಬಹುದು. ಗಡಿಯಾಚೆಯ ತೆಲಂಗಾಣದಲ್ಲಿ ಇದೇ ಕೆಲಸಕ್ಕೆ ಡಯಾಜೆಪಾಂ, ಆಲ್ಪ್ರಜೋಲಾಂ ಮಾತ್ರೆಗಳ ಪುಡಿಯನ್ನೂ ಬಳಸುತ್ತಾರೆ. 2015ರಲ್ಲಿ ಅಲ್ಲಿನ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಕಠಿಣ ಕ್ರಮ ಕೈಗೊಂಡು ಪೂರೈಕೆ ಒಮ್ಮೆಲೇ ನಿಂತಾಗ, ನಿಜಾಮಾಬಾದ್ ಮುಂತಾದ ಜಿಲ್ಲೆಗಳ ಆಸ್ಪತ್ರೆಗಳಿಗೆ ನಡುಕ, ಫಿಟ್ಸು, ಭ್ರಮೆಗಳಿಂದ ಬಳಲುವ ಜನ ಗುಂಪು ಗುಂಪಾಗಿ ಬಂದರು. ಅಂದರೆ ಚಟವಿದ್ದವರು ಸೇವಿಸಿದಾಗ ಮಾತ್ರವಲ್ಲ, ಸಿಗದೆ ಹೋದಾಗಲೂ ಕೆಲಸಕ್ಕೆ ಅಪಾಯವೇ. ಆ ದಿನ ಅವರ ಉಸಿರು ಪೂರ್ತಿ ಶುದ್ಧವಾಗಿರುತ್ತದೆ.

ಹೀಗಿದ್ದರೂ ಪತ್ತೆಯ ದಾರಿ ಕಷ್ಟದ್ದಲ್ಲ. ಮೂತ್ರಕ್ಕೆ ಪಿರಿಡಿನ್ ಮತ್ತು ಕಾಸ್ಟಿಕ್ ಸೋಡ ಸೇರಿಸಿ ಬಿಸಿ ಮಾಡಿದಾಗ ಗುಲಾಬಿಯಿಂದ ಕೆಂಪಿನವರೆಗೆ ಬಣ್ಣ ಬಂದರೆ ಕ್ಲೋರಲ್ ಬಗೆಯ ವಸ್ತುವಿದೆ ಎಂದು ಸೂಚಿಸುವ ಫ್ಯುಜಿವಾರಾ ಪರೀಕ್ಷೆ ವಿಷಶಾಸ್ತ್ರದ ಹಳೆಯ, ಅಗ್ಗದ ಸಾಧನ. ಅದನ್ನು ಖಚಿತಪಡಿಸುವ ಬಗೆಯ ಉಪಕರಣಗಳು ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿರುತ್ತವೆ, ಮತ್ತು ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಬೇಕಾಗಿರುವುದು ಈ ವಸ್ತುವನ್ನು ಪಟ್ಟಿಯಲ್ಲಿ ಬರೆಯುವ ನಿರ್ಧಾರ ಮಾತ್ರ.

ಭಾರತದಲ್ಲಿ ಈ ವಿಷಯದ ನಿಯಮಗಳು ಉದ್ಯೋಗದಿಂದ ಉದ್ಯೋಗಕ್ಕೆ ಬೇರೆ ಬೇರೆ. 2019ರ ನವೆಂಬರ್ 22ರಂದು ತೆರೆದ ಕಲಬುರಗಿ ವಿಮಾನ ನಿಲ್ದಾಣದಿಂದ ಹಾರುವ ಪೈಲಟ್‌ಗಳಿಗೆ ಹಾರಾಟಕ್ಕೆ ಮುಂಚಿನ ಹನ್ನೆರಡು ಗಂಟೆ ಮದ್ಯ ನಿಷಿದ್ಧ; 2022ರ ಜನವರಿ 31ರಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪೈಲಟ್‌ಗಳು ಮತ್ತು ವಿಮಾನ ಸಂಚಾರ ನಿಯಂತ್ರಕರಲ್ಲಿ ವರ್ಷಕ್ಕೆ ಕನಿಷ್ಠ ಶೇ 10ರಷ್ಟು ಮಂದಿಗೆ ಮುನ್ಸೂಚನೆಯಿಲ್ಲದ ಮಾದಕ ವಸ್ತು ಪರೀಕ್ಷೆಯನ್ನೂ ಕಡ್ಡಾಯ ಮಾಡಿದೆ. ಅದರ ಪಟ್ಟಿಯಲ್ಲಿ ಗಾಂಜಾ, ಅಫೀಮಿನ ಜೊತೆಗೆ ಡಯಾಜೆಪಾಂ ಬಗೆಯ ಮಾತ್ರೆಗಳೂ ಇವೆ. ಮೊದಲ ಸಲ ಸಿಕ್ಕವರನ್ನು ವ್ಯಸನಮುಕ್ತಿ ಚಿಕಿತ್ಸೆಗೆ ಕಳಿಸಬೇಕೆಂಬುದು ಅದರ ವಿವೇಕ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ, ಕಮಲಾಪುರದ ಮೇಲೆ ಹಾದುಹೋಗುವ ಬೀದರ್–ಕಲಬುರಗಿ ರೈಲು ಮಾರ್ಗದಲ್ಲಾಗಲಿ, ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲಾಗಲಿ, ಲೋಕೋ ಪೈಲಟ್‌ಗಳು ಡ್ಯೂಟಿಗೆ ಸಹಿ ಹಾಕುವಾಗ ಉಸಿರು ಪರೀಕ್ಷೆಗೆ ಊದಲೇಬೇಕು. ರಸ್ತೆಯಲ್ಲಿ ಮಾತ್ರ ಕಾನೂನಿನ ಭಾರವೆಲ್ಲ ಪೊಲೀಸರ ತಡೆ ತಪಾಸಣೆಯ ಮೇಲಿದೆ. ಮೊದಲ ತಪ್ಪಿಗೆ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಇಲ್ಲವೇ ಎರಡೂ ಎಂಬ ಶಿಕ್ಷೆ ಹೆದರಿಸಬಲ್ಲದಾದರೂ, ಸರಕು ತುಂಬಿದ ಲಾರಿ ಗೋದಾಮು ಬಿಡುವ ಮುನ್ನವೇ ಪ್ರಶ್ನೆ ಕೇಳುವ ವ್ಯವಸ್ಥೆಗೆ ಅದು ಪರ್ಯಾಯವಲ್ಲ.

ಪೀಚ್ ಬಾಟಮ್ ಕಲಿಸಿದ ಪಾಠವನ್ನೂ ಇಲ್ಲಿ ಸೇರಿಸಬೇಕು. ಅಮೆರಿಕದ ನಿಯಮಕ್ಕೆ 2008ರಲ್ಲಿ ಆಯಾಸದ ಅಧ್ಯಾಯ ಸೇರಿತು: ಯಾವುದೇ 24 ಗಂಟೆಗಳಲ್ಲಿ 16, 48 ಗಂಟೆಗಳಲ್ಲಿ 26, ಏಳು ದಿನಗಳಲ್ಲಿ 72 ಗಂಟೆಗೂ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ನಿದ್ದೆಗೆಟ್ಟ ಮಿದುಳು ಕುಡಿದ ಮಿದುಳಿನಂತೆಯೇ ತಡವಾಗಿ ಪ್ರತಿಕ್ರಿಯಿಸುತ್ತದೆ, ಆದರೆ ಅದನ್ನು ತೋರಿಸುವ ಸೀಸೆ ಯಾವುದೂ ಇಲ್ಲ. ಆದ್ದರಿಂದ ನೌಕರರ ಉಸಿರನ್ನು ಅಳೆಯುವ ಹಕ್ಕು ಬೇಕೆನ್ನುವ ಆಡಳಿತವು, ಅವರ ಪಾಳಿಯ ಗಂಟೆಗಳನ್ನು ಅಳೆಯುವ ಕರ್ತವ್ಯವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಹಕ್ಕಿನ ಪ್ರಶ್ನೆ ಸಣ್ಣದಲ್ಲ. ಕೈಗಾದ ರಿಯಾಕ್ಟರುಗಳ ಮೂಲ ವಿನ್ಯಾಸದ ನಂಟಿರುವ ಕೆನಡಾದಲ್ಲಿ, ಅಣುಸ್ಥಾವರಗಳ ಆಕಸ್ಮಿಕ ಪರೀಕ್ಷೆಯ ವಿರುದ್ಧ ಕಾರ್ಮಿಕ ಸಂಘಗಳು ನ್ಯಾಯಾಲಯಕ್ಕೆ ಹೋದವು. 2023ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ, ಅಪಾಯದ ಗಾತ್ರವನ್ನು ನೋಡಿ ಪರೀಕ್ಷೆಯನ್ನು ಎತ್ತಿಹಿಡಿಯಿತು. ಭಾರತದಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕನ್ನು ಮೊಟಕುಗೊಳಿಸುವ ಕ್ರಮಕ್ಕೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ ಇರಬೇಕೆಂಬುದು ಅದರ ಸಾರ. ಈ ಅಳತೆಯಲ್ಲಿ ನೋಡಿದರೆ ಬಸ್ಸಿನ ಚಾಲಕರ ಉಸಿರು ಪರೀಕ್ಷೆಗೆ ಇರುವ ಸಮರ್ಥನೆ ಕಚೇರಿಯ ಗುಮಾಸ್ತರ ಮೂತ್ರ ಪರೀಕ್ಷೆಗೆ ಇರುವುದಿಲ್ಲ. ಚಾಲಕರಿಂದಷ್ಟೇ ಊದಿಸಿ ಮೇಲಧಿಕಾರಿಗಳನ್ನು ಬಿಡುವ ಪದ್ಧತಿಯೂ ಈ ಅಳತೆಗೆ ನಿಲ್ಲುವುದಿಲ್ಲ.

ಚಿಕಿತ್ಸೆಯ ದಾರಿ ಇಲ್ಲದ ಪರೀಕ್ಷೆ ಜನರನ್ನು ಅಡಗಿಸಿಡುತ್ತದೆ, ಏಕೆಂದರೆ ಕೆಲಸ ಹೋಗುವ ಭಯ ಇದ್ದಲ್ಲಿ ಜೊತೆಗಾರರೂ ಬಾಯಿ ಬಿಡುವುದಿಲ್ಲ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಟೆಲಿ ಮನಸ್ ಸಹಾಯವಾಣಿ 14416 ಉಚಿತವಾಗಿ ದೊರೆಯುತ್ತವೆ. ಕಲಬುರಗಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಜಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಸಿ.ಎಚ್. ಪೌಡರಿನ ಚಟವನ್ನು ಮನೆಯಲ್ಲೇ ಒಮ್ಮೆಲೇ ಬಿಡಿಸಲು ಹೋದರೆ ಫಿಟ್ಸು ಬಂದು ಪ್ರಾಣಕ್ಕೆ ಅಪಾಯವಾಗಬಹುದಾದ್ದರಿಂದ, ವೈದ್ಯರ ನೋಟದಲ್ಲಿ ಹಂತ ಹಂತವಾಗಿ ಬಿಡಿಸುವುದೇ ಸುರಕ್ಷಿತ.

ಒಟ್ಟಿನಲ್ಲಿ ಅಣುಸ್ಥಾವರದ ಅನುಭವದಿಂದ ಕಲಬುರಗಿಯ ಬಸ್ ಡಿಪೋ, ಸಿಮೆಂಟ್ ಕಾರ್ಖಾನೆ, ವಿದ್ಯುತ್ ಕಂಪನಿಗಳು ಕಲಿಯಬೇಕಾದುದು ಯಂತ್ರ ಕೊಳ್ಳುವುದನ್ನಷ್ಟೇ ಅಲ್ಲ. ಯಾವ ಕೆಲಸಗಳು ನಿಜಕ್ಕೂ ಹಲವರ ಪ್ರಾಣದ ಹೊಣೆಯವು ಎಂಬುದನ್ನು ಮೊದಲು ಬರೆದಿಡಬೇಕು; ಪರೀಕ್ಷೆಯ ಪಟ್ಟಿಯನ್ನು ಜಿಲ್ಲೆಯ ವೈದ್ಯರು, ಅಬಕಾರಿ ಇಲಾಖೆ ಮತ್ತು ಕಾರ್ಮಿಕ ಸಂಘಗಳು ಕೂತು ಈ ನೆಲದ ರೂಢಿ ನೋಡಿ ರೂಪಿಸಬೇಕು; ಎರಡನೆಯ ಸೀಸೆಯೂ ವೈದ್ಯರ ಮಾತೂ ಇಲ್ಲದೆ ಯಾರನ್ನೂ ಶಿಕ್ಷಿಸಬಾರದು; ಮತ್ತು ಯಂತ್ರ ಏನೇ ಹೇಳಲಿ, ಮಾತು ತೊದಲುವ, ಕಣ್ಣು ಎಳೆಯುವ, ಕೈ ನಡುಗುವ ಸಹೋದ್ಯೋಗಿಯನ್ನು ಆ ಹೊತ್ತಿಗೆ ಕೆಲಸದಿಂದ ಇಳಿಸಿ ಕೂರಿಸುವ ಅಧಿಕಾರವನ್ನೂ ಅದಕ್ಕೆ ಬೇಕಾದ ತರಬೇತಿಯನ್ನೂ ಮೇಲ್ವಿಚಾರಕರಿಗೆ ಕೊಡಬೇಕು. ಈ ನಾಲ್ಕರಲ್ಲಿ ಕೊನೆಯದಕ್ಕೆ ಖರ್ಚು ಅತಿ ಕಡಿಮೆ. ಪಟ್ಟಿಯಲ್ಲಿಲ್ಲದ ಅಮಲನ್ನೂ ನಿದ್ದೆಗೇಡನ್ನೂ ಹಿಡಿಯಬಲ್ಲದ್ದು ಅದೊಂದೇ ಆಗಿರುವುದರಿಂದ, ಆರಂಭವೂ ಅಲ್ಲಿಂದಲೇ ಆಗುವುದು ಲೇಸು.